ಸ್ಟಾರ್ಟ್ ಮೆನುವಿಗೆ ಎಷ್ಟು ಬೀಗ ಹಾಕಬೇಕು? ಗ್ರೂಪ್ ಪಾಲಿಸಿ ಬಳಸಿದ ಮೂರು ವರ್ಷದ ಅನುಭವ

ಪಾಸ್‌ಬುಕ್ ಪ್ರಿಂಟರ್‌ನಿಂದಲೇ ಶುರು ಮಾಡುತ್ತೇನೆ. ಕೌಂಟರ್ ಮುಂದೆ ಒಬ್ಬರು ಸದಸ್ಯರು ನಿಂತಿದ್ದರು. ಪಾಸ್‌ಬುಕ್ಕನ್ನು ಪ್ರಿಂಟರ್ ಬಾಯಿಗೆ ಸರಿಯಾಗಿ ಕೂರಿಸಿ ಕ್ಯಾಶಿಯರ್ ಅಕ್ಕ ಪ್ರಿಂಟ್ ಒತ್ತಿದರು. ಪಾಸ್‌ಬುಕ್ ಅಲ್ಲಾಡಲಿಲ್ಲ. ಹಿಂದಿನ ಮೂಲೆಯಲ್ಲಿದ್ದ ಲೇಸರ್ ಪ್ರಿಂಟರ್ ಗುರ್ ಅಂದಿತು. ಒಂದು ಎ4 ಹಾಳೆ ಹೊರಗೆ ಬಂತು. ಅದರ ನೆತ್ತಿಯ ಮೇಲೆ ಮೂರೇ ಮೂರು ಸಾಲು: ತಾರೀಕು, ಜಮಾ, ಬಾಕಿ. ಅಕ್ಕ ಮತ್ತೆ ಒತ್ತಿದರು. ಇನ್ನೊಂದು ಹಾಳೆ ಬಂತು.

ವಿಂಡೋಸ್‌ನಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಅಂತ ಒಂದು ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ಕೊನೆಯ ಸಲ ಬಳಸಿದ ಪ್ರಿಂಟರೇ ಡೀಫಾಲ್ಟ್ ಆಗಿಬಿಡುತ್ತದೆ. ಮನೆಯ ಕಂಪ್ಯೂಟರ್‌ಗೆ ಇದು ಅನುಕೂಲ. ಒಂದೇ ಮೇಜಿಗೆ ಎರಡು ಪ್ರಿಂಟರ್ ಇರುವ ಕೌಂಟರ್‌ಗೆ ಆಗಿಬರುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅಕ್ಕ ಒಂದು ಸಾಲದ ಅರ್ಜಿಯನ್ನು ಲೇಸರ್‌ಗೆ ಕಳಿಸಿದ್ದರು. ಆಗಿದ್ದು ಇಷ್ಟೇ. ಆದರೆ ಸಾಲಿನಲ್ಲಿ ಹನ್ನೆರಡು ಜನ ಇದ್ದರು, ಸಂತೆಯ ದಿನ ಬೇರೆ.

ಅವತ್ತು ಸಂಜೆ ನಾನು ಮೊದಲ ಸಲ ಗ್ರೂಪ್ ಪಾಲಿಸಿ ಎಡಿಟರ್ ತೆರೆದೆ. ವಿಂಡೋಸ್‌ನಲ್ಲಿ ಯಾವುದು ಕಾಣಬೇಕು, ಯಾವುದಕ್ಕೆ ಬೀಗ ಇರಬೇಕು ಅಂತ ನಿಯಮ ಹಾಕುವ ಸಾಧನ ಇದು. ಅದು 2022ರ ಮಳೆಗಾಲ. ಅಂದಿನಿಂದ ಇದನ್ನು ಬಳಸುತ್ತಿದ್ದೇನೆ. ಕೆಲವು ಹಳೆಯ ಕಂಪ್ಯೂಟರ್‌ಗಳಲ್ಲಿ ಈಗ ಲಿನಕ್ಸ್ ಹಾಕಿ, ಅದರ ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಇದೇ ಕೆಲಸ ಮಾಡುವ ಕಿಯಾಸ್ಕ್ ವ್ಯವಸ್ಥೆಯನ್ನೂ ಬಳಸಿ ನೋಡಿದ್ದೇನೆ. ನಮ್ಮಂಥ ಸಣ್ಣ ಆಫೀಸುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ಈ ವಿಮರ್ಶೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘ. ಮುಖ್ಯ ಕಚೇರಿಯಲ್ಲಿ ಒಂಬತ್ತು ಕಂಪ್ಯೂಟರ್, ಎರಡು ಶಾಖೆಗಳಲ್ಲಿ ಮೂರು ಮೂರು. ಒಟ್ಟು ಹದಿನೈದು. ಇವೆಲ್ಲವನ್ನೂ ಒಂದೇ ಕಡೆಯಿಂದ ಹಿಡಿತದಲ್ಲಿಡುವ ಸರ್ವರ್ ಇಲ್ಲ. ನನ್ನ ಮುಖ್ಯ ಕೆಲಸ ಲೆಕ್ಕಪತ್ರ. ಕಂಪ್ಯೂಟರ್ ಜವಾಬ್ದಾರಿ ಆಮೇಲೆ ಹೆಗಲಿಗೆ ಬಂದಿದ್ದು. ಕೌಂಟರ್‌ನಲ್ಲಿ ಕೂರುವವರಲ್ಲಿ ಇಪ್ಪತ್ತೆರಡು ವರ್ಷದ ಹುಡುಗನೂ ಇದ್ದಾನೆ, ನಿವೃತ್ತಿಗೆ ಎರಡು ವರ್ಷ ಇರುವ ಅಕ್ಕನೂ ಇದ್ದಾರೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಗ್ರೂಪ್ ಪಾಲಿಸಿ ಎಡಿಟರ್ ಬೇಕು ಅಂದರೆ ನಿಮ್ಮ ವಿಂಡೋಸ್ ಪ್ರೊ, ಎಂಟರ್‌ಪ್ರೈಸ್ ಅಥವಾ ಎಜುಕೇಷನ್ ಆವೃತ್ತಿ ಆಗಿರಬೇಕು. ಹೋಮ್ ಆವೃತ್ತಿಯಲ್ಲಿ ಇದು ಬರುವುದಿಲ್ಲ. ಈ ಮಾತು ನಮಗೆ ತಡವಾಗಿ ಗೊತ್ತಾಯಿತು. ಒಬ್ಬ ಮಾರಾಟಗಾರರು ನಮಗೆ ಎರಡು ಹೊಸ ಕಂಪ್ಯೂಟರ್ ಕೊಟ್ಟರು. ಕೊಟೇಶನ್‌ನಲ್ಲಿ ‘ವಿಂಡೋಸ್ 11’ ಅಂತ ಮಾತ್ರ ಇತ್ತು. ಬಂದಿದ್ದು ಹೋಮ್. ಪ್ರೊಗೆ ಏರಿಸಲು ಮತ್ತೆ ದುಡ್ಡು, ಮತ್ತೆ ಕಮಿಟಿ ಮೀಟಿಂಗ್, ಮತ್ತೆ ಮಂಜೂರಾತಿ. ದಯವಿಟ್ಟು ಕೊಟೇಶನ್‌ನಲ್ಲಿ ಆವೃತ್ತಿಯ ಹೆಸರನ್ನು ಬರೆಸಿಕೊಳ್ಳಿ.

ಈಗ ಒಳಗೆ ಹೋಗೋಣ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಬರುವ ರನ್ ಡಬ್ಬಿಯಲ್ಲಿ ‘ಜಿಪಿಎಡಿಟ್ ಡಾಟ್ ಎಂಎಸ್‌ಸಿ’ ಅಂತ ಟೈಪ್ ಮಾಡಿದರೆ ಎಡಿಟರ್ ತೆರೆದುಕೊಳ್ಳುತ್ತದೆ. ಎಡಗಡೆ ಎರಡು ಕೊಂಬೆ: ಕಂಪ್ಯೂಟರ್ ಕಾನ್ಫಿಗರೇಷನ್, ಯೂಸರ್ ಕಾನ್ಫಿಗರೇಷನ್. ಮೆನುಗೆ ಸಂಬಂಧಿಸಿದ್ದು ಹೆಚ್ಚಾಗಿ ಎರಡನೆಯದರಲ್ಲಿದೆ. ಅಲ್ಲಿ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಅದರೊಳಗೆ ‘ಸ್ಟಾರ್ಟ್ ಮೆನು ಅಂಡ್ ಟಾಸ್ಕ್‌ಬಾರ್’. ತೆರೆದರೆ ಉದ್ದ ಪಟ್ಟಿ. ರನ್ ತೆಗೆಯುವುದು, ಶಟ್‌ಡೌನ್ ತೆಗೆಯುವುದು, ಟಾಸ್ಕ್‌ಬಾರ್ ಕದಲದಂತೆ ಮಾಡುವುದು, ಟಾಸ್ಕ್‌ಬಾರ್ ಮೇಲಿನ ರೈಟ್ ಕ್ಲಿಕ್ ನಿಲ್ಲಿಸುವುದು. ಪ್ರತಿ ಸಾಲಿಗೂ ಮೂರು ಆಯ್ಕೆ: ನಾಟ್ ಕಾನ್ಫಿಗರ್ಡ್, ಎನೇಬಲ್ಡ್, ಡಿಸೇಬಲ್ಡ್.

ಹೊಸಬರು ಎಡವುವುದು ಇಲ್ಲೇ. ಸಾಲಿನ ಹೆಸರು ‘ರಿಮೂವ್ ರನ್ ಮೆನು’ ಅಂತ ಇದ್ದರೆ, ರನ್ ತೆಗೆಯಬೇಕಾದರೆ ಅದನ್ನು ‘ಎನೇಬಲ್’ ಮಾಡಬೇಕು. ತೆಗೆಯುವ ನಿಯಮವನ್ನು ಜಾರಿ ಮಾಡಿ ಅಂತ ಅರ್ಥ. ಒಮ್ಮೆ ಕೈಗೆ ಬಂದ ಮೇಲೆ ತೊಂದರೆ ಇಲ್ಲ. ಬಲಗಡೆಯ ವಿವರಣೆಯನ್ನು ಓದಿಯೇ ಒತ್ತಿ. ಆ ವಿವರಣೆಗಳು ನಿಜವಾಗಿ ಚೆನ್ನಾಗಿವೆ. ಉದಾಹರಣೆಗೆ ರನ್ ತೆಗೆದರೆ ಸ್ಟಾರ್ಟ್ ಮೆನುವಿನಿಂದ ಮಾತ್ರ ಹೋಗುವುದಿಲ್ಲ, ವಿಂಡೋಸ್ ಕೀ ಜೊತೆ ಆರ್ ಒತ್ತಿದರೂ ಬರುವುದಿಲ್ಲ, ಟಾಸ್ಕ್ ಮ್ಯಾನೇಜರ್‌ನ ಹೊಸ ಟಾಸ್ಕ್ ಕೂಡ ನಿಲ್ಲುತ್ತದೆ ಅಂತ ಅಲ್ಲೇ ಬರೆದಿದೆ.

ನನ್ನ ಮೊದಲ ದೊಡ್ಡ ತಪ್ಪು ಯಾವುದು ಗೊತ್ತಾ? ಎಡಿಟರ್ ತೆರೆದ ಕೂಡಲೇ ಕಾಣುವ ಯೂಸರ್ ಕಾನ್ಫಿಗರೇಷನ್ ಆ ಕಂಪ್ಯೂಟರ್‌ನ ಎಲ್ಲ ಬಳಕೆದಾರರಿಗೂ ಅನ್ವಯ ಆಗುತ್ತದೆ. ಪೂರ್ತಿ ಅಧಿಕಾರ ಇರುವ ಅಡ್ಮಿನ್ ಖಾತೆಯನ್ನೂ ಬಿಟ್ಟಿಲ್ಲ. ನಾನು ರನ್, ಕಂಟ್ರೋಲ್ ಪ್ಯಾನೆಲ್, ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ), ಟಾಸ್ಕ್ ಮ್ಯಾನೇಜರ್ ನಾಲ್ಕನ್ನೂ ಒಂದೇ ಸಲ ಮುಚ್ಚಿದೆ. ಲಾಗ್ ಆಫ್ ಆಗಿ ಅಡ್ಮಿನ್ ಹೆಸರಲ್ಲಿ ಒಳಗೆ ಬಂದರೆ ನನಗೂ ಎಲ್ಲ ಬಂದ್. ಎದೆ ಧಸಕ್ಕೆಂದಿತು. ಕೊನೆಗೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32 ಅಂತ ಒಂದೊಂದೇ ಫೋಲ್ಡರ್ ತೆರೆದು, ಜಿಪಿಎಡಿಟ್ ಫೈಲನ್ನೇ ಹುಡುಕಿ ಡಬಲ್ ಕ್ಲಿಕ್ ಮಾಡಿ ಬಿಡಿಸಿಕೊಂಡೆ. ಆ ಡ್ರೈವನ್ನೂ ಮುಚ್ಚಿದ್ದರೆ ಇನ್ನೂ ಕಷ್ಟ ಆಗುತ್ತಿತ್ತು.

ಸರಿಯಾದ ದಾರಿ ಬೇರೆ ಇದೆ, ವಿಂಡೋಸ್ ವಿಸ್ತಾ ಕಾಲದಿಂದಲೂ ಇದೆ. ರನ್ ಡಬ್ಬಿಯಲ್ಲಿ ‘ಎಂಎಂಸಿ’ ಅಂತ ಟೈಪ್ ಮಾಡಿ ಖಾಲಿ ಕಿಟಕಿ ತೆರೆಯಿರಿ. ಫೈಲ್ ಮೆನುವಿನಲ್ಲಿ ಆಡ್ ಸ್ನ್ಯಾಪ್-ಇನ್. ಅಲ್ಲಿ ಗ್ರೂಪ್ ಪಾಲಿಸಿ ಆಬ್ಜೆಕ್ಟ್ ಎಡಿಟರ್ ಆರಿಸಿ. ‘ಲೋಕಲ್ ಕಂಪ್ಯೂಟರ್’ ಅಂತ ತೋರಿಸುವಾಗ ಫಿನಿಶ್ ಒತ್ತಬೇಡಿ. ಬ್ರೌಸ್ ಒತ್ತಿ, ಯೂಸರ್ಸ್ ಅನ್ನುವ ಟ್ಯಾಬ್‌ಗೆ ಹೋಗಿ, ‘ನಾನ್-ಅಡ್ಮಿನಿಸ್ಟ್ರೇಟರ್ಸ್’ ಆರಿಸಿ. ಇಲ್ಲಿ ಮಾಡಿದ ಬದಲಾವಣೆ ಸಾಮಾನ್ಯ ಬಳಕೆದಾರರಿಗೆ ಮಾತ್ರ ತಗಲುತ್ತದೆ. ನಿಮ್ಮ ಅಡ್ಮಿನ್ ಖಾತೆ ಹಾಗೇ ಇರುತ್ತದೆ. ಈ ಕಿಟಕಿಯನ್ನು ಒಂದು ಹೆಸರು ಕೊಟ್ಟು ಸೇವ್ ಮಾಡಿಟ್ಟುಕೊಂಡರೆ ಮುಂದಿನ ಸಲ ನೇರವಾಗಿ ತೆರೆಯಬಹುದು. ಈ ಒಂದು ಸೌಲಭ್ಯಕ್ಕೇ ನಾನು ಗ್ರೂಪ್ ಪಾಲಿಸಿಗೆ ಪೂರ್ತಿ ಅಂಕ ಕೊಡುತ್ತೇನೆ. ಇದನ್ನು ಹೊಸಬರ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಿಲ್ಲ ಅನ್ನುವುದು ನನ್ನ ದೂರು.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಸಿಬ್ಬಂದಿಯ ಖಾತೆಗಳು ಅಡ್ಮಿನ್ ಆಗಿದ್ದರೆ ಸ್ಟ್ಯಾಂಡರ್ಡ್ ಯೂಸರ್‌ಗೆ ಇಳಿಸಿ. ನಮ್ಮಲ್ಲಿ ಹದಿನೈದಕ್ಕೆ ಹದಿನೈದೂ ಅಡ್ಮಿನ್ ಆಗಿದ್ದವು. ಇಳಿಸಿದ ಕೂಡಲೇ ಅರ್ಧ ತಲೆನೋವು ಹೋಯಿತು. ಕಂಪ್ಯೂಟರ್‌ನ ತಾರೀಕು ಬದಲಿಸಲು ಪಾಸ್‌ವರ್ಡ್ ಬೇಕಾಯಿತು. ನಿನ್ನೆಯ ತಾರೀಕಿನಲ್ಲಿ ರಶೀದಿ ತೆಗೆಯುವ ಹಳೆಯ ಅಭ್ಯಾಸ ತಾನಾಗಿ ನಿಂತಿತು. ಇದಕ್ಕೆ ಯಾವ ಪಾಲಿಸಿಯೂ ಬೇಕಾಗಲಿಲ್ಲ.

ಇನ್ನು ನಾನು ಮಾಡಿ, ಆಮೇಲೆ ತೆಗೆದ ಬೀಗಗಳ ಬಗ್ಗೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಕಲಿತಿದ್ದೆಲ್ಲ ಇಲ್ಲೇ.

ಮಧ್ಯಾಹ್ನ ಯಾರೋ ಒಬ್ಬರು ತಪ್ಪಿ ಶಟ್‌ಡೌನ್ ಒತ್ತಿ, ಅರ್ಧ ತುಂಬಿದ ವೋಚರ್ ಹೋಯಿತು. ಕಾರ್ಯದರ್ಶಿಗಳು ‘ಆ ಬಟನ್ನೇ ತೆಗೆದುಬಿಡಿ’ ಅಂದರು. ಪಟ್ಟಿಯಲ್ಲಿ ಇದ್ದೇ ಇದೆ: ಶಟ್‌ಡೌನ್, ರೀಸ್ಟಾರ್ಟ್, ಸ್ಲೀಪ್, ಹೈಬರ್ನೇಟ್ ನಾಲ್ಕನ್ನೂ ತೆಗೆಯುವ ಪಾಲಿಸಿ. ಹಾಕಿದೆ. ಎರಡು ವಾರ ಏನೂ ಆಗಲಿಲ್ಲ.

ಮೂರನೇ ವಾರ ಜೋರು ಮಳೆ. ಮಧ್ಯಾಹ್ನ ಮೂರೂವರೆಗೆ ಕರೆಂಟ್ ಹೋಯಿತು. ಮಲೆನಾಡಿನಲ್ಲಿ ಜುಲೈ ತಿಂಗಳು ಅಂದರೆ ಗೊತ್ತಲ್ಲ, ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಯುಪಿಎಸ್ ಕೀಂ ಕೀಂ ಅಂತ ಕೂಗಲು ಶುರು ಮಾಡಿತು. ನಮ್ಮ ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ. ನಾನು ಅವತ್ತು ಶಾಖೆಯಲ್ಲಿದ್ದೆ. ಕ್ಯಾಶಿಯರ್ ಅಕ್ಕ ಸ್ಟಾರ್ಟ್ ಒತ್ತಿ ಪವರ್ ಹುಡುಕಿದ್ದಾರೆ. ಮಾಮೂಲಿ ಆಯ್ಕೆಗಳು ಒಂದೂ ಇಲ್ಲ. ಆಲ್ಟ್ ಎಫ್4 ಒತ್ತಿದ್ದಾರೆ, ಅಲ್ಲೂ ಇಲ್ಲ. ನನಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಕೊನೆಗೆ ಯುಪಿಎಸ್ ಸ್ವಿಚ್ಚನ್ನೇ ಒತ್ತಿ ಆರಿಸಿದ್ದಾರೆ. ಅವರಿಗೆ ಬೇರೆ ದಾರಿ ಏನಿತ್ತು?

ಮರುದಿನ ಬೆಳಿಗ್ಗೆ ಲೆಕ್ಕದ ಸಾಫ್ಟ್‌ವೇರ್ ತೆರೆಯಲಿಲ್ಲ. ಡೇಟಾಬೇಸ್ ರಿಪೇರಿ ಮಾಡಿ, ಹಿಂದಿನ ದಿನದ ಕೊನೆಯ ಇಪ್ಪತ್ತು ಎಂಟ್ರಿಯನ್ನು ರಶೀದಿ ನೋಡಿ ಮತ್ತೆ ಹಾಕಿದೆವು. ಅವತ್ತೇ ಆ ಪಾಲಿಸಿ ತೆಗೆದೆ. ಕಾರ್ಯದರ್ಶಿಗಳಿಗೂ ಹೇಳಿದೆ, ‘ಸಾರ್, ಇದು ನಮ್ಮೂರಿಗೆ ಆಗಿಬರೋದಿಲ್ಲ’ ಅಂತ. ಅವರೂ ಒಪ್ಪಿದರು. ದಿನದ ಇಪ್ಪತ್ನಾಲ್ಕು ಗಂಟೆ ಓಡಬೇಕಾದ ಕಂಪ್ಯೂಟರ್ ಇದ್ದರೆ ಮಾತ್ರ ಈ ಬೀಗ ಸರಿ. ಕೌಂಟರ್‌ಗೆ ಬೇಡ.

ಕಮಾಂಡ್ ಪ್ರಾಂಪ್ಟ್ ಮುಚ್ಚುವ ಪಾಲಿಸಿಯಲ್ಲೂ ಒಂದು ಸೂಕ್ಷ್ಮ ಇದೆ. ಅದರೊಳಗೆ ‘ಸ್ಕ್ರಿಪ್ಟ್‌ಗಳನ್ನೂ ನಿಲ್ಲಿಸಬೇಕಾ’ ಅಂತ ಇನ್ನೊಂದು ಪ್ರಶ್ನೆ ಕೇಳುತ್ತದೆ. ಯೆಸ್ ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಬ್ಯಾಚ್ ಫೈಲ್‌ಗಳೂ ನಿಲ್ಲುತ್ತವೆ. ನಮ್ಮ ದಿನದ ಬ್ಯಾಕಪ್ ಓಡುತ್ತಿದ್ದುದು ಸಿಬ್ಬಂದಿ ಸಂಜೆ ಡಬಲ್ ಕ್ಲಿಕ್ ಮಾಡುವ ಒಂದು ಪುಟ್ಟ ಬ್ಯಾಚ್ ಫೈಲ್‌ನಿಂದ. ಯೆಸ್ ಅಂತ ಕೊಟ್ಟ ಮೇಲೆ ನಾಲ್ಕು ದಿನ ಬ್ಯಾಕಪ್ ಆಗಿರಲಿಲ್ಲ. ಶನಿವಾರ ಪೆನ್‌ಡ್ರೈವ್‌ಗೆ ಹಾಕುವಾಗ ಫೈಲ್‌ನ ತಾರೀಕು ನೋಡಿ ಗೊತ್ತಾಯಿತು. ಪುಣ್ಯಕ್ಕೆ ಆ ನಾಲ್ಕು ದಿನ ಏನೂ ಕೆಡಲಿಲ್ಲ. ಹೊಸ ಬೀಗ ಹಾಕಿದ ಮರುದಿನ ಬ್ಯಾಕಪ್ ಆಗಿದೆಯಾ ಅಂತ ಮೊದಲು ನೋಡುವುದು ಈಗ ನನ್ನ ನಿಯಮ.

ಕಂಟ್ರೋಲ್ ಪ್ಯಾನೆಲ್ ಪೂರ್ತಿ ಮುಚ್ಚುವುದು ಇನ್ನೊಂದು. ಆ ಪಾಲಿಸಿ ಹಾಕಿದರೆ ಸೆಟ್ಟಿಂಗ್ಸ್ ಕೂಡ ತೆರೆಯುವುದಿಲ್ಲ. ಆದರೆ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಅದೇ ಸೆಟ್ಟಿಂಗ್‌ಗೆ ಹೋಗಲು ನೋಡಿದರೆ, ‘ಈ ಕಂಪ್ಯೂಟರ್‌ನಲ್ಲಿ ನಿರ್ಬಂಧ ಇದೆ, ಅಡ್ಮಿನಿಸ್ಟ್ರೇಟರನ್ನು ಕೇಳಿ’ ಅನ್ನುವ ಅರ್ಥದ ಡಬ್ಬಿ ಎದುರಿಗೆ ಬರುತ್ತದೆ, ಅದೂ ಇಂಗ್ಲಿಷ್‌ನಲ್ಲಿ. ನಮ್ಮ ಸಿಬ್ಬಂದಿಗೆ ಈ ಡಬ್ಬಿ ಕಂಡರೆ ತಾವೇನೋ ಹಾಳು ಮಾಡಿದೆವು ಅನ್ನುವ ಹೆದರಿಕೆ. ಒಬ್ಬ ಹುಡುಗಿ ಕೆಲಸಕ್ಕೆ ಸೇರಿ ಒಂದು ವಾರ ಆಗಿತ್ತು. ಇದು ಬಂದಾಗ ಮೌಸ್‌ನಿಂದ ಕೈ ತೆಗೆದು ಸುಮ್ನೆ ಕೂತುಬಿಟ್ಟಿದ್ದಳು. ನಾನು ಹೋಗುವವರೆಗೂ ಆ ಡಬ್ಬಿ ಮುಚ್ಚಿರಲಿಲ್ಲ.

ಕ್ಯಾಶಿಯರ್ ಅಕ್ಕನಿಗಾದ ತೊಂದರೆ ಬೇರೆ. ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಪರದೆಯ ಅಕ್ಷರವನ್ನು 125 ಶೇಕಡಕ್ಕೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಒಂದು ಸಲ ಮಾನಿಟರ್ ಬದಲಿಸಿದಾಗ ಅದು 100ಕ್ಕೆ ಬಂದುಬಿಟ್ಟಿತು. ವಾಪಸ್ ಮಾಡಲು ಸೆಟ್ಟಿಂಗ್ಸ್ ತೆರೆಯುತ್ತಿಲ್ಲ. ನಾನು ಶಾಖೆಯಿಂದ ಬರುವವರೆಗೆ ಎರಡು ದಿನ ಪರದೆಗೆ ಮುಖ ಹತ್ತಿರ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡುತ್ತಾ ನೋಟಿನ ಲೆಕ್ಕ ಬರೆದಿದ್ದಾರೆ. ನಾನು ಬಂದಾಗ ಬೈಯಲೂ ಇಲ್ಲ. ‘ತಮ್ಮಾ, ಇದೊಂದು ಬಿಟ್ಟುಕೊಡೋ, ಉಳಿದಿದ್ದು ಏನು ಬೇಕಾದ್ರೂ ಮುಚ್ಚು’ ಅಂದರು. ಆ ಮಾತು ನನಗೆ ತುಂಬ ನಾಟಿತು. ಅವರ ಕಣ್ಣಿಗೆ ಬೇಕಾದ್ದನ್ನು ನಾನು ಮುಚ್ಚಿಟ್ಟಿದ್ದೆ.

ಇದಕ್ಕೆ ಸಿಕ್ಕ ಉತ್ತರವೇ ಇಡೀ ಗ್ರೂಪ್ ಪಾಲಿಸಿಯಲ್ಲಿ ನನಗೆ ತುಂಬ ಇಷ್ಟವಾದ ಸಾಲು: ‘ಸೆಟ್ಟಿಂಗ್ಸ್ ಪೇಜ್ ವಿಸಿಬಿಲಿಟಿ’. ವಿಂಡೋಸ್ 10ರ 1703 ಆವೃತ್ತಿಯಿಂದ ಇದೆ. ಸೆಟ್ಟಿಂಗ್ಸ್‌ನ ಯಾವ ಪುಟ ಕಾಣಬೇಕು, ಯಾವುದು ಕಾಣಬಾರದು ಅಂತ ಪುಟದ ಹೆಸರು ಬರೆದು ಹೇಳಬಹುದು. ‘ಹೈಡ್’ ಅಂತ ಬರೆದು ಕೋಲನ್ ಹಾಕಿ ಹೆಸರು ಕೊಟ್ಟರೆ ಆ ಪುಟಗಳು ಮಾಯ. ‘ಶೋಓನ್ಲಿ’ ಅಂತ ಬರೆದರೆ ಕೊಟ್ಟ ಪುಟಗಳು ಮಾತ್ರ ಉಳಿಯುತ್ತವೆ. ಹೆಸರುಗಳ ನಡುವೆ ಸೆಮಿಕೋಲನ್ ಹಾಕಬೇಕು, ಅಷ್ಟೇ. ನಾನು ಶೋಓನ್ಲಿ ಬಳಸಿ ನಾಲ್ಕು ಪುಟ ಬಿಟ್ಟಿದ್ದೇನೆ: ಪ್ರಿಂಟರ್, ಡಿಸ್‌ಪ್ಲೇ, ಸೌಂಡ್, ಭಾಷೆ. ಕಂಟ್ರೋಲ್ ಪ್ಯಾನೆಲ್ ಪೂರ್ತಿ ಮುಚ್ಚುವ ಪಾಲಿಸಿಯನ್ನು ವಾಪಸ್ ನಾಟ್ ಕಾನ್ಫಿಗರ್ಡ್‌ಗೆ ತಂದೆ, ಇಲ್ಲದಿದ್ದರೆ ಸೆಟ್ಟಿಂಗ್ಸ್ ತೆರೆಯುವುದೇ ಇಲ್ಲ. ಈಗ ಅಕ್ಕ ಸೆಟ್ಟಿಂಗ್ಸ್ ತೆರೆದರೆ ತಮಗೆ ಬೇಕಾದ್ದು ಮಾತ್ರ ಕಾಣುತ್ತದೆ. ಹೆದರಿಸುವ ಪುಟ ಒಂದೂ ಇಲ್ಲ.

ಭಾಷೆಯ ಪುಟ ಯಾಕೆ ಬಿಟ್ಟೆ ಅಂದರೆ ಕನ್ನಡ ಕೀಬೋರ್ಡ್. ನಮ್ಮ ನೋಟಿಸು, ಸಭೆಯ ನಡಾವಳಿ ಎಲ್ಲ ಕನ್ನಡದಲ್ಲಿ. ಹೊಸಬರು ಬಂದಾಗ ಅವರ ಖಾತೆಗೆ ಕನ್ನಡ ಸೇರಿಸಬೇಕು. ಈ ಪುಟ ಮುಚ್ಚಿದರೆ ಪ್ರತಿ ಸಲವೂ ನಾನೇ ಹೋಗಬೇಕು. ಕರ್ನಾಟಕದ ಆಫೀಸುಗಳಲ್ಲಿ ಬೀಗ ಹಾಕುವವರು ಇದನ್ನು ಮರೆಯಬೇಡಿ.

ಪ್ರಿಂಟರ್ ಸಮಸ್ಯೆಗೆ ಪಾಲಿಸಿ ಸಿಕ್ಕಿತಾ? ಸಿಕ್ಕಿತು. ಯೂಸರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಕಂಟ್ರೋಲ್ ಪ್ಯಾನೆಲ್, ಪ್ರಿಂಟರ್ಸ್. ಅಲ್ಲಿ ‘ಟರ್ನ್ ಆಫ್ ವಿಂಡೋಸ್ ಡೀಫಾಲ್ಟ್ ಪ್ರಿಂಟರ್ ಮ್ಯಾನೇಜ್‌ಮೆಂಟ್’. ಎನೇಬಲ್ ಮಾಡಿ, ಪಾಸ್‌ಬುಕ್ ಪ್ರಿಂಟರನ್ನು ಒಮ್ಮೆ ಡೀಫಾಲ್ಟ್ ಮಾಡಿದರೆ ಮುಗಿಯಿತು. ಪಕ್ಕದಲ್ಲೇ ಪ್ರಿಂಟರ್ ಡಿಲೀಟ್ ಆಗದಂತೆ ತಡೆಯುವ ಸಾಲೂ ಇದೆ, ಅದನ್ನೂ ಹಾಕಿದೆ. ಮೂರು ವರ್ಷದಲ್ಲಿ ಪಾಸ್‌ಬುಕ್ ಎಂಟ್ರಿ ಲೇಸರ್‌ಗೆ ಹೋಗಿದ್ದು ನನಗೆ ನೆನಪಿಲ್ಲ.

ಇದರಿಂದ ಆಗದ ಕೆಲಸಗಳೂ ಇವೆ. ಒಂದು ಬೆಳಿಗ್ಗೆ ಒಂದು ಕಂಪ್ಯೂಟರ್‌ನ ಪರದೆ ತಲೆಕೆಳಗಾಗಿತ್ತು. ಇಂಟೆಲ್ ಗ್ರಾಫಿಕ್ಸ್‌ನ ಹಳೆಯ ಡ್ರೈವರ್‌ಗಳಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀ ಒತ್ತಿದರೆ ಪರದೆ ತಿರುಗುತ್ತದೆ. ಒರೆಸುವಾಗ ಕೀಬೋರ್ಡ್ ಒತ್ತಿಹೋಗಿತ್ತು ಅನ್ನಿಸುತ್ತದೆ. ಇದು ವಿಂಡೋಸ್ ಮೆನುವಿಗೆ ಸೇರಿದ್ದಲ್ಲ, ಪಾಲಿಸಿ ಪಟ್ಟಿಯಲ್ಲಿ ಇರುವುದಿಲ್ಲ. ಇಂಟೆಲ್‌ನ ಗ್ರಾಫಿಕ್ಸ್ ಆಯ್ಕೆಗಳಿಗೆ ಹೋಗಿ ಹಾಟ್ ಕೀ ಆಫ್ ಮಾಡಬೇಕು.

ಮೈಕ್ರೋಸಾಫ್ಟ್ ಸ್ಟೋರ್ ಮುಚ್ಚುವ ಪಾಲಿಸಿ ಪ್ರೊ ಆವೃತ್ತಿಯ ಎಡಿಟರ್‌ನಲ್ಲೂ ಕಾಣುತ್ತದೆ. ಆದರೆ ಅದು ಎಂಟರ್‌ಪ್ರೈಸ್, ಎಜುಕೇಷನ್‌ಗೆ ಮಾತ್ರ ಅಂತ ಮೈಕ್ರೋಸಾಫ್ಟ್ ತಾನೇ ಹೇಳಿದೆ. ಪ್ರೊದಲ್ಲಿ ಎನೇಬಲ್ ಮಾಡಿದರೂ ಸ್ಟೋರ್ ತೆರೆಯುತ್ತದೆ. ಕೆಲಸ ಮಾಡದ ಸಾಲನ್ನು ಎಡಿಟರ್‌ನಲ್ಲಿ ಬೂದು ಬಣ್ಣದಲ್ಲಾದರೂ ತೋರಿಸಬೇಕಿತ್ತು. ಇದಕ್ಕೆ ಅಂಕ ಕಳೆಯುತ್ತೇನೆ.

ಮೆನು ಮುಚ್ಚುವುದು ಭದ್ರತೆ ಅಲ್ಲ ಅನ್ನುವುದನ್ನು ಕಮಿಟಿಯವರಿಗೆ ಬಿಡಿಸಿ ಹೇಳಬೇಕಾಯಿತು. ಕಮಾಂಡ್ ಪ್ರಾಂಪ್ಟ್ ಮುಚ್ಚಿದರೆ ಅದೇ ಥರದ ಇನ್ನೊಂದು ಕಿಟಕಿಯಾದ ಪವರ್‌ಶೆಲ್ ಮುಚ್ಚುವುದಿಲ್ಲ. ಡ್ರೈವ್ ಕಾಣದಂತೆ ಮಾಡಿದರೆ ಐಕಾನ್ ಮಾತ್ರ ಹೋಗುತ್ತದೆ, ಪ್ರೋಗ್ರಾಂಗಳು ಆ ಡ್ರೈವ್‌ಗೆ ಹೋಗಿಬರುತ್ತವೆ. ಗೊತ್ತಿದ್ದು ಕೆಡಿಸಲು ಬಂದವರನ್ನು ಇದು ತಡೆಯುವುದಿಲ್ಲ. ಅದಕ್ಕೆ ಸ್ಟ್ಯಾಂಡರ್ಡ್ ಖಾತೆ, ಫೋಲ್ಡರ್ ಅನುಮತಿ, ಯಾವ ಪ್ರೋಗ್ರಾಂ ಓಡಬೇಕು ಅಂತ ನಿರ್ಧರಿಸುವ ಆಪ್‌ಲಾಕರ್ ಬೇಕು. ಮೆನು ಬೀಗ ಇರುವುದು ಕೈತಪ್ಪಿಗೆ. ನಮ್ಮಲ್ಲಿ ಆಗುತ್ತಿದ್ದುದು ಬಹುಪಾಲು ಕೈತಪ್ಪೇ. ಹಾಗಾಗಿ ನಮಗೆ ಇದು ಸಾಕು.

ಸರ್ವರ್ ಇಲ್ಲದೆ ಹದಿನೈದು ಕಂಪ್ಯೂಟರ್‌ಗೆ ಒಂದೊಂದಾಗಿ ಮಾಡುವುದು ಬೇಸರದ ಕೆಲಸ. ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಕಂಪ್ಲಯನ್ಸ್ ಟೂಲ್‌ಕಿಟ್‌ನಲ್ಲಿ ಎಲ್‌ಜಿಪಿಒ ಅಂತ ಒಂದು ಪುಟ್ಟ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಒಂದು ಕಂಪ್ಯೂಟರ್‌ನಲ್ಲಿ ಮಾಡಿದ ಪಾಲಿಸಿಯನ್ನು ತೆಗೆದುಕೊಂಡು ಇನ್ನೊಂದಕ್ಕೆ ಹಾಕಬಹುದು. ನಾನ್-ಅಡ್ಮಿನ್ ಪಾಲಿಸಿಗೂ ಅದರಲ್ಲಿ ದಾರಿ ಇದೆ. ಇದು ಸಿಕ್ಕ ಮೇಲೆ ಒಂದು ಶಾಖೆ ಮುಗಿಸಲು ಅರ್ಧ ಗಂಟೆ ಸಾಕಾಯಿತು.

ಈಗ ಕೆಡಿಇ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮಲ್ಲಿ ನಾಲ್ಕು ಕಂಪ್ಯೂಟರ್ ಇಂಟೆಲ್ ನಾಲ್ಕನೇ ತಲೆಮಾರಿನವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಇವು ಅದಕ್ಕೆ ಆಗುವುದಿಲ್ಲ. ಎಸೆಯಲು ಮನಸ್ಸು ಬರಲಿಲ್ಲ, ಚೆನ್ನಾಗಿಯೇ ಓಡುತ್ತಿವೆ. ಪಿಗ್ಮಿ ವಿಭಾಗದ ಕೆಲಸ ಬ್ರೌಸರ್‌ನಲ್ಲೇ ಆಗುತ್ತದೆ. ಹಾಗಾಗಿ ಆ ನಾಲ್ಕಕ್ಕೆ ಕೆಡಿಇ ಜೊತೆಗೇ ಬರುವ ಲಿನಕ್ಸ್ ಆದ ಕುಬುಂಟು 24.04 ಹಾಕಿ ಪಿಗ್ಮಿಗೆ ಕೊಟ್ಟೆ.

ಕೆಡಿಇಯಲ್ಲಿ ಕಿಯಾಸ್ಕ್ ಅನ್ನುವ ವ್ಯವಸ್ಥೆ ಬಹಳ ಹಿಂದಿನಿಂದ ಇದೆ. ಗ್ರೂಪ್ ಪಾಲಿಸಿಯ ಹಾಗೆ ಕಿಟಕಿ, ಪಟ್ಟಿ ಇಲ್ಲ. ಅಡ್ಮಿನ್ ಆಗಿ ಒಂದು ಪಠ್ಯದ ಫೈಲ್ ಬರೆಯಬೇಕು. ಇಟಿಸಿ ಫೋಲ್ಡರ್‌ನಲ್ಲಿ ಎಕ್ಸ್‌ಡಿಜಿ, ಅದರಲ್ಲಿ ಕೆಡಿಇಗ್ಲೋಬಲ್ಸ್ ಅನ್ನುವ ಫೈಲ್. ‘ಕೆಡಿಇ ಆಕ್ಷನ್ ರಿಸ್ಟ್ರಿಕ್ಷನ್ಸ್’ ಅಂತ ತಲೆಬರಹ ಕೊಟ್ಟು, ಅದರ ಕೆಳಗೆ ಒಂದೊಂದು ಸಾಲಿಗೆ ಒಂದೊಂದು ನಿಯಮ. ರನ್ ಕಮಾಂಡ್ ಫಾಲ್ಸ್ ಅಂದರೆ ರನ್ ಡಬ್ಬಿಯಂಥ ಕೆರನ್ನರ್ ಬರುವುದಿಲ್ಲ. ಶೆಲ್ ಆಕ್ಸೆಸ್ ಫಾಲ್ಸ್ ಅಂದರೆ ಟರ್ಮಿನಲ್ ಮುಚ್ಚುತ್ತದೆ. ಹೊಸ ಥೀಮ್, ವಾಲ್‌ಪೇಪರ್ ಇಳಿಸಿಕೊಳ್ಳುವ ಬಟನ್ ತೆಗೆಯಲು ಇನ್ನೊಂದು ಸಾಲು.

ತಲೆಬರಹದ ಪಕ್ಕ ಚೌಕ ಕಂಸದೊಳಗೆ ಡಾಲರ್ ಗುರುತು, ಅದರ ಪಕ್ಕ ಇಂಗ್ಲಿಷಿನ ಚಿಕ್ಕ ಐ ಅಕ್ಷರ ಹಾಕಬೇಕು. ಇದೇ ಕೀಲಿಕೈ. ಬಳಕೆದಾರರ ಸ್ವಂತ ಫೈಲ್‌ನಲ್ಲಿ ಏನೇ ಬರೆದಿದ್ದರೂ ಅಡ್ಮಿನ್ ಬರೆದಿದ್ದೇ ಅಂತಿಮ ಅಂತ ಅದರ ಅರ್ಥ. ಒಂದು ಸಾಲಿಗೆ ಬೇಕಾದರೆ ಒಂದು ಸಾಲಿಗೆ, ಒಂದು ಗುಂಪಿಗೆ ಬೇಕಾದರೆ ಗುಂಪಿಗೆ, ಫೈಲ್‌ನ ಮೊದಲ ಸಾಲಿನಲ್ಲಿ ಹಾಕಿದರೆ ಇಡೀ ಫೈಲ್‌ಗೆ. ನಾಲ್ಕು ಚಿಹ್ನೆಯಲ್ಲಿ ಇಷ್ಟು ಕೆಲಸ! ನನಗೆ ನಿಜಕ್ಕೂ ಖುಷಿಯಾಯಿತು.

ಬಳಸುವಾಗ ಕಾಣುವ ವ್ಯತ್ಯಾಸ ಏನೆಂದರೆ, ನಾನು ಮುಚ್ಚಿದ ಸಾಲುಗಳು ಇಲ್ಲಿ ಮೆನುವಿನಿಂದಲೇ ಹೋದವು. ಒತ್ತಿದ ಮೇಲೆ ಬೇಡ ಅನ್ನುವ ಡಬ್ಬಿಯನ್ನು ಪಿಗ್ಮಿ ವಿಭಾಗದಲ್ಲಿ ಯಾರೂ ಇನ್ನೂ ನೋಡಿಲ್ಲ. ನಾಲ್ಕು ಕಂಪ್ಯೂಟರ್‌ಗೆ ನಕಲು ಮಾಡುವುದೂ ಸುಲಭ, ಅದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದೆ. ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸ ಮೊದಲೇ ಪಟ್ಟಿಯಲ್ಲಿ ಇರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ ಕಡತಗಳಿಗೆ ಮಾತ್ರ ಒಂದು ವಿಂಡೋಸ್ ಕಂಪ್ಯೂಟರನ್ನೇ ಬಳಸುತ್ತೇವೆ.

ಕೊರತೆ? ವಿವರಣೆ ಫೈಲ್ ಪಕ್ಕದಲ್ಲಿ ಬರುವುದಿಲ್ಲ. ಸಾಲಿನ ಹೆಸರನ್ನು ಒಂದು ಅಕ್ಷರ ತಪ್ಪು ಬರೆದರೂ ಸುಮ್ಮನಿರುತ್ತದೆ, ತಪ್ಪು ಅಂತ ಹೇಳುವುದಿಲ್ಲ. ನಾನು ಒಂದು ಅಡಿಗೆರೆ ಬಿಟ್ಟು ಒಂದು ಸಂಜೆ ಪೂರ್ತಿ ಹುಡುಕಿದ್ದೇನೆ. ಆವೃತ್ತಿ ಬದಲಾದಾಗ ಕೆಲವು ಮಾಡ್ಯೂಲ್‌ಗಳ ಹೆಸರೂ ಬದಲಾಗುತ್ತವೆ, ಹಳೆಯ ಸಾಲು ನಂಬಿ ಕೂರುವಂತಿಲ್ಲ. ಲಿನಕ್ಸ್ ಚೆನ್ನಾಗಿ ಗೊತ್ತಿರುವವರು, ಈ ಫೈಲನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಎನ್‌ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿ ಇದನ್ನು ದಾಟಬಹುದು. ಇಲ್ಲೂ ಕೈತಪ್ಪಿಗೆ ಮಾತ್ರ ಬೀಗ.

ಎರಡರಲ್ಲಿ ಯಾವುದು ಅಂತ ಕೇಳಿದರೆ ನಾನು ಹೀಗೆ ಹೇಳುತ್ತೇನೆ. ವಿಂಡೋಸ್ ಪ್ರೊ ಈಗಾಗಲೇ ಇದ್ದರೆ ಗ್ರೂಪ್ ಪಾಲಿಸಿಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ, ಓದಿಕೊಂಡು ಮಾಡಿದರೆ ಯಾರಿಗಾದರೂ ಬರುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಕೆಡಿಇ ಕಿಯಾಸ್ಕ್‌ಗೂ ನಾಲ್ಕು, ಆದರೆ ಪಠ್ಯ ಫೈಲ್ ಬರೆದು ಅಭ್ಯಾಸ ಇದ್ದವರು ಆಫೀಸಿನಲ್ಲಿ ಇರಬೇಕು.

ಇವತ್ತು ನಮ್ಮ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಉಳಿದಿರುವ ಬೀಗಗಳು ಆರೇ ಆರು. ರನ್, ಟಾಸ್ಕ್‌ಬಾರ್ ಬದಲಾವಣೆ, ಪ್ರಿಂಟರ್‌ನ ಎರಡು, ಸೆಟ್ಟಿಂಗ್ಸ್ ಪುಟಗಳು, ಸ್ಕ್ರಿಪ್ಟ್ ಬಿಟ್ಟು ಕಮಾಂಡ್ ಪ್ರಾಂಪ್ಟ್. ಮೊದಲ ವರ್ಷ ಇಪ್ಪತ್ತಮೂರು ಇದ್ದವು. ರೈಟ್ ಕ್ಲಿಕ್ ನಿಲ್ಲಿಸಿದ್ದನ್ನೂ ತೆಗೆದೆ, ಫೈಲಿನ ಹೆಸರು ಬದಲಿಸಲು, ಕಾಪಿ ಮಾಡಲು ಎಲ್ಲರೂ ಅದನ್ನೇ ಬಳಸುತ್ತಾರೆ.

ಪ್ರತಿ ಕಂಪ್ಯೂಟರ್‌ನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ‘ಈ ಕಂಪ್ಯೂಟರ್‌ನಲ್ಲಿ ಮುಚ್ಚಿರುವುದು’ ಅಂತ ಮೇಲೆ, ಕೆಳಗೆ ಆ ಆರು ಸಾಲು ಕನ್ನಡದಲ್ಲಿ. ಡಬ್ಬಿ ಬಂದರೆ ಓಕೆ ಒತ್ತಿ, ಏನೂ ಹಾಳಾಗಿಲ್ಲ ಅಂತಲೂ ಬರೆದಿದೆ. ಕೊನೆಗೆ ನನ್ನ ಫೋನ್ ನಂಬರ್. ಏನಾದರೂ ತೆರೆಯಬೇಕು ಅನ್ನಿಸಿದರೆ ಅದೇ ಹಾಳೆಯಲ್ಲಿ ಬರೆಯಿರಿ ಅಂತ ಹೇಳಿದ್ದೇನೆ. ಹೋದ ತಿಂಗಳು ಕ್ಯಾಶಿಯರ್ ಅಕ್ಕ ಪೆನ್ನಿನಲ್ಲಿ ‘ಮೌಸ್ ಬಾಣ ದೊಡ್ಡದು ಮಾಡೋ ಪುಟ ಬೇಕು’ ಅಂತ ಬರೆದಿದ್ದರು. ಈ ಭಾನುವಾರ ಅದನ್ನು ಐದನೇ ಪುಟವಾಗಿ ಸೇರಿಸುತ್ತಿದ್ದೇನೆ.